ನನ್ನ ನಾದಿನಿಯ ಬೀಸೋಕಲ್ಲು

ನನ್ನ ನಾದಿನಿ ಸರ್ವಮಂಗಳಮ್ಮನ ಬಗ್ಗೆ ಮಾತು ಬಂದರೆ ಎಲ್ಲರೂ ಶುರುಮಾಡುವುದು ಒಂದೇ ಥರ: ಪಾಪ, ಎಂಥ ಒಳ್ಳೆಯವಳು. ನಾನು ಹಾಗೆ ಶುರುಮಾಡುವುದಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವಳ ಒಳ್ಳೆತನ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಅವಳ ಕಥೆಯನ್ನು ಹೇಳಲು ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ, ಯಾಕೆಂದರೆ ಅವಳನ್ನು ನನ್ನಷ್ಟು ಕಣ್ಣಿಟ್ಟು ನೋಡಿದವರು ಯಾರೂ ಇಲ್ಲ.

ಅವಳು ನಮ್ಮ ಯಜಮಾನರು ಅಡವಿಯಪ್ಪನವರ ತಂಗಿ. ಕುಣಿಗಲ್ಲಿಗೆ ಕೊಟ್ಟಿದ್ದರು. ಗಂಡ ಚನ್ನವೀರಯ್ಯನಿಗೆ ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ತೂಬು ಎತ್ತುವ, ಇಳಿಸುವ ಕೆಲಸ. ಮಕ್ಕಳಾಗಲಿಲ್ಲ. ಕಡ್ಡಿಯಂಥ ಹೆಂಗಸು, ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ದಿನವಿಡೀ ಏನಾದರೊಂದು ಕುಟ್ಟುವುದು, ಕೇರುವುದು, ಬೀಸುವುದು. ಮಾತಾಡಿದರೆ ನಾವೇ ಬಗ್ಗಿ ಕೇಳಿಸಿಕೊಳ್ಳಬೇಕು, ಅಷ್ಟು ಮೆತ್ತಗೆ.

ನಮ್ಮ ಮನೆ ತುಮಕೂರಿನ ಶಿರಾ ಗೇಟ್ ಹತ್ತಿರ. ಮುಂದೆ ಮೊಳೆ, ಬೀಗ, ಬಕೆಟ್ಟಿನ ಅಂಗಡಿ, ಹಿಂದೆ ಮನೆ. ನಮ್ಮ ಬೀದಿಗೆ ಮೊದಲು ಗ್ಯಾಸ್ ಒಲೆ ಬಂದದ್ದು ನನಗೆ, ಮಿಕ್ಸಿ ಬಂದದ್ದೂ ನನಗೆ. ಇಷ್ಟೆಲ್ಲ ಇದ್ದರೂ ನನ್ನ ಒಬ್ಬಳೇ ಮಗಳು ನೀಲಾಂಬಿಕೆ ಸ್ಕೂಲಿಗೆ ರಜಾ ಕೊಟ್ಟ ದಿನವೇ ಚೀಲ ಹಿಡಿದು ಕುಣಿಗಲ್ ಬಸ್ಸು ಹತ್ತುತ್ತಿದ್ದಳು. ಅಲ್ಲೇನಿತ್ತು ಅಂತೀರಿ? ಹೊಗೆ ಹಿಡಿದ ಅಡುಗೆಮನೆ, ಉಪ್ಪಿನಕಾಯಿ ಜಾಡಿ, ಒಂದು ಬೀಸೋಕಲ್ಲು.

ಆ ಬೀಸೋಕಲ್ಲು ನಮ್ಮತ್ತೆಯದು. ಅತ್ತೆ ತೀರಿಕೊಂಡಾಗ ಅದು ನ್ಯಾಯವಾಗಿ ಸೊಸೆಗೆ ಸೇರಬೇಕು. ಬೀದಿ ಕೊನೆಯಲ್ಲೇ ಹಿಟ್ಟಿನ ಮಿಲ್ಲಿರುವಾಗ ಈ ಭಾರ ಯಾರಿಗೆ ಬೇಕು ಅಂತ ನಾನೇ ಅಂದೆ. ಸರ್ವಮಂಗಳ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದಳು. ಜಿಪುಣಿ, ಮಿಲ್ಲಿಗೆ ಕೊಡುವ ಕಾಸು ಉಳಿಸುತ್ತಾಳೆ ಅಂತ ನಾನು ಬೀದಿಯವರ ಜೊತೆ ನಕ್ಕಿದ್ದೂ ಉಂಟು.

ಇನ್ನು ಸೋಯಾ ಅವರೆಯ ವಿಷಯ. ಎಂಬತ್ತೆರಡನೇ ಇಸವಿ ಇರಬೇಕು, ನಮ್ಮ ಮಹಿಳಾ ಸಮಾಜಕ್ಕೆ ಬೆಂಗಳೂರಿನಿಂದ ಒಬ್ಬ ಮೇಡಂ ಬಂದು, ಗೋಧಿಗೆ ಒಂದು ಪಾಲು ಹುರಿದ ಸೋಯಾ ಅವರೆ ಬೆರೆಸಿ ಹಿಟ್ಟು ಮಾಡಿಸಿ, ಮಕ್ಕಳಿಗೆ ಒಳ್ಳೆ ಶಕ್ತಿ ಅಂತ ಮಾಡಿ ತೋರಿಸಿದರು. ನನಗೆ ಅದು ತುಂಬಾ ಹಿಡಿಸಿತು. ಮನೆಮನೆಗೆ ಹೋಗಿ ಹೇಳಿಕೊಟ್ಟೆ. ಬೀಬಿಜಾನ್ ಮನೆಗೂ ಹೋದೆ, ಕರಿಬಸಮ್ಮನ ಮನೆಗೂ ಹೋದೆ. ಒಂದೆರಡು ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಸೋಯಾ ಬೆರೆಸದೆ ಗೋಧಿ ಬೀಸಿಸುವವರೇ ಇಲ್ಲವಾದರು. ಎಲ್ಲರೂ ನನ್ನನ್ನು ಸೋಯಾ ಸಿದ್ದಗಂಗಮ್ಮ ಅಂತ ಕರೆಯುತ್ತಿದ್ದರು, ನನಗೂ ಖುಷಿಯೇ ಆಗುತ್ತಿತ್ತು.

ಅದೇ ಹೊತ್ತಿಗೆ ಪಿ.ಯು.ಸಿ. ಓದುತ್ತಿದ್ದ ನೀಲಾಗೆ ಮೈಮೇಲೆ ಪಿತ್ತದ ಗಂದೆ ಏಳಲು ಶುರುವಾಯಿತು. ತುಟಿ ಊದಿ, ಕತ್ತು ಕೆಂಪಾಗಿ, ರಾತ್ರಿಯೆಲ್ಲ ಕೆರೆತ. ನಂಜು ಅಂದರು. ಬದನೆಕಾಯಿ ಬಿಡಿಸಿದೆ, ಆಲೂಗಡ್ಡೆ ಬಿಡಿಸಿದೆ, ಕಡ್ಲೆಕಾಯಿ ಬಿಡಿಸಿದೆ. ಡಾಕ್ಟರು ಮಾತ್ರೆ ಕೊಟ್ಟು, ಊಟದಲ್ಲಿ ಹೊಸದೇನಾದರೂ ಸೇರಿದೆಯಾ ನೋಡಿ ಅಂದರು. ಏನೂ ಇಲ್ಲ ಅಂದೆ. ಶಕ್ತಿ ಬರುವ ವಸ್ತು ನಂಜಾಗುತ್ತದೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ?

ಅಂದುಕೊಂಡವಳು ಸರ್ವಮಂಗಳ. ದಸರಾ ರಜಾಕ್ಕೆ ಕುಣಿಗಲ್ಲಿಗೆ ಹೋದ ನೀಲಾ ಮೈ ನುಣ್ಣಗೆ ಮಾಡಿಕೊಂಡು ಬಂದಳು. ಕರೆದುಕೊಂಡು ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು: "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಆ ಸೋಯಾ ಒಂದು ಬಿಟ್ಟು ನೋಡಿ. ಶಕ್ತಿ ಬೇಕು ಅಂದ್ರೆ ಹುರಿಗಡಲೆ ಹಿಟ್ಟು ಬೆರೆಸಿ. ಸಾರಿಗೆ ಅಲಸಂದೆ ಹಾಕಿ, ಹೆಸರುಕಾಳು ಹಾಕಿ. ಅವಕ್ಕೇನೂ ಆಗಲ್ಲ ಅವಳಿಗೆ."

ನನ್ನ ಮೈಯೆಲ್ಲ ಉರಿದುಹೋಯಿತು. ಒಂಬತ್ತು ತಿಂಗಳು ಹೊತ್ತು ಹೆತ್ತವಳು ನಾನು. ನನ್ನ ಮಗಳಿಗೆ ಏನು ಆಗುತ್ತೆ, ಏನು ಆಗಲ್ಲ ಅಂತ ಕುಣಿಗಲ್ಲಿನಿಂದ ಬಂದು ಇವಳು ಹೇಳಬೇಕೇ? ಆದರೂ ಮಗುವಿನ ಮುಖ ನೋಡಿ ಸೋಯಾ ಡಬ್ಬಿಯನ್ನು ಎತ್ತಿ ಬೀಬಿಜಾನ್‌ಗೆ ಕೊಟ್ಟೆ. ಹುರಿಗಡಲೆ ಬೆರೆಸಿದೆ. ಗಂದೆ ಮುಕ್ಕಾಲು ಪಾಲು ಇಳಿಯಿತು. ಪೂರ್ತಿ ಇಳಿಯಲಿಲ್ಲ. ಮುದ್ದೆ, ಅನ್ನ ಉಂಡ ದಿನ ಏನೂ ಇಲ್ಲ. ಚಪಾತಿ ತಿಂದ ದಿನ ಮತ್ತೆ ಕತ್ತಿನ ಹತ್ತಿರ ಕೆಂಪು. ಕುಣಿಗಲ್ಲಿನಲ್ಲಿ ಅದೇ ಚಪಾತಿ ಎಷ್ಟು ತಿಂದರೂ ಏನೂ ಆಗುತ್ತಿರಲಿಲ್ಲ.

ಇದನ್ನು ಏನೆಂದು ತಿಳಿಯಲಿ? ನನ್ನ ಮನೆಯ ಊಟ ನನ್ನ ಮಗಳಿಗೇ ನಂಜೇ? ಅವಳು ಮಗಳ ತಲೆ ಕೆಡಿಸಿದ್ದಾಳೆ, ನನ್ನ ಕೈ ಊಟ ಅಂದರೆ ಹೆದರುವ ಹಾಗೆ ಮಾಡಿದ್ದಾಳೆ ಅಂತ ಯಜಮಾನರ ಹತ್ತಿರ ಅತ್ತುಕೊಂಡೆ. ಅವರು ಅಂಗಡಿಯ ಬೀಗದಕೈ ಗೊಂಚಲು ತಿರುಗಿಸುತ್ತಾ, "ಹೊಟ್ಟೆಕಿಚ್ಚು ಪಡ್ಬೇಡ ಕಣೇ" ಅಂದರು. ತಂಗಿ ಅಂದರೆ ಅವರಿಗೂ ಪ್ರಾಣವೇ.

ನೀಲಾಳನ್ನು ಗುಬ್ಬಿಗೆ ಕೊಟ್ಟೆವು. ಅಳಿಯ ಮೇಷ್ಟ್ರು, ಬೀಗತಿ ಬಸವಲಿಂಗಮ್ಮ ಒಳ್ಳೆಯ ಹೆಂಗಸು. ಅಲ್ಲಿ ಯಾವ ಗಂದೆಯೂ ಇಲ್ಲ. ನಮ್ಮ ಮನೆಗೆ ಬಂದು ಎರಡು ದಿನ ಇದ್ದರೆ ಸಾಕು, ಕೆರೆದುಕೊಂಡು ಹೋಗುತ್ತಿದ್ದಳು. ಕ್ರಮೇಣ ಬರುವುದನ್ನೇ ಕಡಿಮೆ ಮಾಡಿದಳು.

ಎಂಬತ್ತಾರರ ಜನವರಿಯಲ್ಲಿ ಗುಬ್ಬಿಯಲ್ಲಿ ಸೀಮಂತ ಆಯಿತು. ಆಗ ಊಟದ ಪಂಕ್ತಿಗೆ ಸೋಯಾ ಉಂಡೆ ಹಾಕಿದ ಸಾಗು ಬಡಿಸುವುದು ಹೊಸ ಫ್ಯಾಷನ್ನು. ಬೀಗರು ನೆಂಟರಿಗೆಂದು ಅಡುಗೆಯವರಿಗೆ ಹೇಳಿ ಅದನ್ನೇ ಮಾಡಿಸಿದ್ದರು. ಸೌಟು ನೀಲಾಳ ಎಲೆ ಹತ್ತಿರ ಬರುತ್ತಿದ್ದಂತೆ ನಾನು ಕೈ ಅಡ್ಡ ಹಿಡಿಯಲು ಏಳುತ್ತಿದ್ದೆ. ಅಷ್ಟರಲ್ಲಿ ಸರ್ವಮಂಗಳ ಆ ಕಡೆಯಿಂದ ಬಂದು, ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಸ್ಟೀಲ್ ಡಬ್ಬಿ ತೆಗೆದು, ಹಿತಕಿದ ಅವರೆಕಾಳಿನ ಸಾಗು ಬಡಿಸಿದಳು. ಕುಣಿಗಲ್ಲಿನಿಂದ ಮಾಡಿಕೊಂಡು ಬಂದಿದ್ದಳು. ಒಂದೊಂದೇ ಕಾಳು ಹಿತಕಿ ಸಿಪ್ಪೆ ತೆಗೆದಿದ್ದು. ನಾನು ಅರ್ಧ ಎದ್ದವಳು ಹಾಗೇ ಕೂತೆ.

ಊಟವಾದ ಮೇಲೆ ಬಸವಲಿಂಗಮ್ಮ ಕೇಳಿದರು: "ಬೀಗತಿ, ಹುಡುಗೀನ ಯಾವಾಗ ಕರ್ಕೊಂಡು ಹೋಗ್ತೀರಿ?"

ನಾನು ಬಾಯಿ ತೆರೆಯುವ ಮುಂಚೆ ನೀಲಾ ತಲೆ ತಗ್ಗಿಸಿಕೊಂಡು ಹೇಳಿದಳು: "ಬಾಣಂತನಕ್ಕೆ ನಾನು ಕುಣಿಗಲ್‌ಗೆ ಹೋಗ್ತೀನಿ. ಅತ್ತೆ ಮನೇಗೆ."

ಪಡಸಾಲೆಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಚೊಚ್ಚಲ ಬಾಣಂತನ ತವರಿನಲ್ಲಿ. ತಾಯಿ ಸತ್ತಿದ್ದರೆ, ಇಲ್ಲವೇ ಹಾಸಿಗೆ ಹಿಡಿದಿದ್ದರೆ ಮಾತ್ರ ಬೇರೆಯವರ ಮನೆಯಲ್ಲಿ. ನಾನು ಗಟ್ಟಿಮುಟ್ಟಾಗಿ ಅಲ್ಲೇ ಕೂತಿದ್ದೆ.

"ನಮ್ಮನೇಗೆ ಏನಾಗಿದೆಯೇ?" ಅಂದೆ.

"ಅಮ್ಮಾ, ಬಾಣಂತಿ ಮೈಗೆ ಗಂದೆ ಎದ್ರೆ ಮಗೂಗೆ ಹಾಲು ಹೆಂಗೆ ಕೊಡ್ಲಿ? ನಂಗೆ ಭಯ ಆಗುತ್ತೆ."

ಸರ್ವಮಂಗಳ ಗೋಡೆಗೆ ಒರಗಿ ನಿಂತಿದ್ದಳು. ಬೇಡ ಕಣೇ, ಅಮ್ಮನ ಮನೆಗೆ ಹೋಗು ಅಂತ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಅವಳ ಮುಖದಲ್ಲಿ ಆಸೆ ಇತ್ತು, ನಾನು ಕಂಡೆ. ಹೆತ್ತಿಲ್ಲದವಳಿಗೆ ನನ್ನ ಮಗಳ ಬಾಣಂತನ ಬೇಕಾಗಿತ್ತು.

ತುಮಕೂರಿಗೆ ಬಂದ ಮೇಲೆ ನನಗೆ ಮೂರು ದಿನ ಊಟ ಸೇರಲಿಲ್ಲ. ಕೊನೆಗೆ, ನನ್ನ ಹಿಟ್ಟಿನಲ್ಲಿ ಏನಿದೆ ನೋಡೇಬಿಡುತ್ತೇನೆ ಅಂತ ಹಟ ಬಂತು. ಗೋಧಿಯನ್ನು ನಾನೇ ಕೇರಿ, ತೊಳೆದು, ಒಣಗಿಸಿ, ಡಬ್ಬಿಗೆ ತುಂಬಿಕೊಂಡು ದಸ್ತಗೀರ್ ಸಾಬರ ಮಿಲ್ಲಿಗೆ ನಾನೇ ಹೋದೆ. ಅದುವರೆಗೆ ಅಂಗಡಿ ಆಳಿನ ಕೈಲಿ ಕಳಿಸಿ ತರಿಸುತ್ತಿದ್ದೆ. ಮಿಲ್ಲಿನಲ್ಲಿ ಒಂದು ಪದ್ಧತಿ ಉಂಟು: ರಾಗಿ ಹಿಂದೆ ರಾಗಿ, ಗೋಧಿ ಹಿಂದೆ ಗೋಧಿ. ಮೆಣಸಿನಕಾಯಿಗೆ ಬೇರೆ ಕಲ್ಲು. ನನ್ನ ಡಬ್ಬಿಯನ್ನು ಗೋಧಿ ಸಾಲಿನಲ್ಲಿ ಕರಿಬಸಮ್ಮನ ಡಬ್ಬಿಯ ಹಿಂದೆ ಇಟ್ಟರು.

ಕರಿಬಸಮ್ಮ ಮುಚ್ಚಳ ತೆಗೆದು ಮಿಲ್ಲಿನ ಬಾಯಿಗೆ ಸುರಿದಳು. ಗೋಧಿಯ ನಡುವೆ ಹಳದಿ ಸೋಯಾ ಅವರೆ. "ಅಕ್ಕಾ, ನೀವು ಹೇಳ್ಕೊಟ್ಟ ಅಳತೇನೇ, ಇನ್ನೂ ಬಿಟ್ಟಿಲ್ಲ ನೋಡಿ" ಅಂತ ನಕ್ಕಳು. ಅವಳ ಹಿಟ್ಟು ಇಳಿಯುತ್ತಿದ್ದಂತೆಯೇ, ಕಲ್ಲು ನಿಲ್ಲುವ ಮುಂಚೆಯೇ, ದಸ್ತಗೀರ್ ಸಾಬರು ನನ್ನ ಗೋಧಿಯನ್ನು ಅದೇ ಬಾಯಿಗೆ ಸುರಿಯಲು ಎತ್ತಿದರು.

ಡಬ್ಬಿ ಹಿಡಿದುಕೊಂಡೆ. "ತಡೀರಿ ಸಾಬ್ರೇ" ಅಂದೆ. "ಮಧ್ಯೆ ಕಲ್ಲು ಒರೆಸಲ್ವಾ?"

"ಯಾಕಮ್ಮಾ? ಗೋಧಿ ಹಿಂದೆ ಗೋಧಿ ತಾನೇ? ನಿಮ್ ಮೊದಲ್ನೇ ಹಿಡಿ ಅವ್ರದ್ದು, ನಿಮ್ ಕೊನೇ ಹಿಡಿ ಹಿಂದಿನವ್ರದ್ದು. ಇಲ್ಲಿ ಯಾವತ್ತೂ ಹಂಗೇ ನಡ್ಯೋದು."

ಸಾಲಿನಲ್ಲಿದ್ದ ಡಬ್ಬಿಗಳನ್ನೆಲ್ಲ ಬಗ್ಗಿ ನೋಡಿದೆ. ಎಲ್ಲದರಲ್ಲೂ ಹಳದಿ ಕಾಳು. ನಾನು ಮನೆಯಿಂದ ಆಚೆ ಹಾಕಿದ ಸೋಯಾ ಇಷ್ಟು ವರ್ಷವೂ ಬೀದಿಯವರ ಹಿಟ್ಟಿನ ಜೊತೆ ನನ್ನ ಡಬ್ಬಿ ಸೇರಿ ಮನೆಗೆ ಬರುತ್ತಿತ್ತು. ಕುಣಿಗಲ್ಲಿನವಳು ಮಿಲ್ಲಿಗೇ ಹೋಗುತ್ತಿರಲಿಲ್ಲ. ಗುಬ್ಬಿಯ ಬೀದಿಗೆ ಸೋಯಾ ಹೇಳಿಕೊಡಲು ನಾನು ಹೋಗಿರಲಿಲ್ಲ. ಅವಳ ಬುದ್ಧಿವಂತಿಕೆಯೂ ಅಲ್ಲ, ಕೈಗುಣವೂ ಅಲ್ಲ, ಬರೀ ಆ ಕಲ್ಲು. ನನಗೆ ಎಷ್ಟು ಸಮಾಧಾನವಾಯಿತೋ ಅಷ್ಟೇ ಸಿಟ್ಟೂ ಬಂತು. ಗೋಧಿಯನ್ನು ಹಾಗೇ ವಾಪಸ್ಸು ಹೊತ್ತುಕೊಂಡು ಬಂದೆ.

ಈಗ ಬೀಸೋಕಲ್ಲು ಎಲ್ಲಿಂದ ತರುವುದು? ಬೀದಿಯಲ್ಲಿ ವಿಚಾರಿಸಿದೆ. ಒಬ್ಬರು ಬಚ್ಚಲಿಗೆ ಹಾಕಿದ್ದರು, ಒಬ್ಬರು ಮೆಟ್ಟಿಲು ಮಾಡಿಕೊಂಡಿದ್ದರು. ಹೊಸ ಕಲ್ಲಾದರೆ ತಿಂಗಳುಗಟ್ಟಲೆ ಹಿಟ್ಟಿಗೆ ಮರಳು ಬೀಳುತ್ತದೆ, ಬಾಣಂತಿಗೆ ಅದನ್ನು ಹಾಕುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಕುಣಿಗಲ್ ಬಸ್ಸು ಹತ್ತಿದೆ.

ಸರ್ವಮಂಗಳ ಬಾಗಿಲು ತೆಗೆದು, ಕಾಲಿಗೆ ನೀರು ಕೊಟ್ಟು, ಕಾಫಿ ತಂದಳು. ಒಳಕೋಣೆಯ ಬಾಗಿಲು ತೆರೆದಿತ್ತು. ಕಣ್ಣು ಹಾಯಿಸಿದೆ. ಹಳೇ ಸೀರೆಗಳನ್ನು ಒಗೆದು, ಹರಿದು, ಮಗುವಿನ ಬಟ್ಟೆ ಮಾಡಿ ಮಡಿಸಿಟ್ಟಿದ್ದಳು. ಬಾಣಂತಿ ಕೋಣೆಗೆ ಸುಣ್ಣ ಬಳಿಸಿದ್ದಳು. ತೊಲೆಗೆ ತೊಟ್ಟಿಲ ಹಗ್ಗ ಕಟ್ಟಿಯಾಗಿತ್ತು.

"ಸರ್ವಮಂಗಳಾ," ಅಂದೆ, "ಬೀಸೋಕಲ್ಲು ಬೇಕಿತ್ತು. ನೀಲಾ ಬಾಣಂತನ ಮುಗಿಯೋಗಂಟ." ಮಿಲ್ಲಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ.

ಕಲ್ಲು ಕೊಟ್ಟರೆ ಬಾಣಂತನ ಕೈಬಿಟ್ಟು ಹೋಗುತ್ತದೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಕೊಡುವುದಿಲ್ಲ ಅಂದಿದ್ದರೆ ನಾನು ಬಾಯಿಗೆ ಬಂದಂತೆ ಬೈದು ಬರುತ್ತಿದ್ದೆ. ಬೈಯಲು ತಯಾರಾಗಿಯೇ ಹೋಗಿದ್ದೆ.

"ತಗೊಂಡ್ಹೋಗಿ ಅತ್ತಿಗೆ," ಅಂದಳು. "ಅದು ನಿಮ್ ಮನೇದೇ ಅಲ್ವಾ?"

ತಾನೇ ಗೋಣಿಚೀಲ ತಂದು ಸುತ್ತಿದಳು. ಆಮೇಲೆ ಒಳಗೆ ಹೋಗಿ ಆ ಬಟ್ಟೆಯ ಮಡಿಕೆಗಳನ್ನೂ ಒಂದು ಗಂಟು ಕಟ್ಟಿ ತಂದು ನನ್ನ ಮಡಿಲಲ್ಲಿಟ್ಟಳು. ನನಗೆ ಗೆದ್ದೆ ಅಂತಲೇ ಅನ್ನಿಸಿತು. ಬಸ್ಸಿನಲ್ಲಿ ತುಮಕೂರಿನವರೆಗೂ ಆ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು ಬಂದೆ.

ಬೀಸುವುದು ಸುಲಭವಲ್ಲ. ಗೂಟ ಹಿಡಿದು ತಿರುಗಿಸಿದರೆ ಹೆಗಲು ಕಿತ್ತು ಬರುತ್ತದೆ. ನೀಲಾಳನ್ನು ಎರಡು ದಿನದ ಮಟ್ಟಿಗೆ ಅಂತ ಕರೆಸಿ, ಆ ಹಿಟ್ಟಿನ ಚಪಾತಿ ಹಾಕಿದೆ. ಬೆಳಿಗ್ಗೆ ಎದ್ದವಳ ಸೆರಗು ಸರಿಸಿ ಕತ್ತು ನೋಡಿದೆ, ತೋಳು ನೋಡಿದೆ. ಒಂದು ಗಂದೆಯೂ ಇಲ್ಲ. ಅವಳು ಗುಬ್ಬಿಗೆ ವಾಪಸ್ಸು ಹೋಗಲಿಲ್ಲ. ಬಾಣಂತನ ನನ್ನ ಮನೆಯಲ್ಲೇ ಆಯಿತು. ಹೆಣ್ಣು ಮಗು.

ಮಗುವಿಗೆ ಹೆಸರಿಟ್ಟ ದಿನ ಸರ್ವಮಂಗಳ ಬಂದಳು. ನೆಂಟರ ಹಾಗೆ ಬಂದು ನೆಂಟರ ಹಾಗೆ ಹೊರಗೆ ಕೂತಳು. ಊಟಕ್ಕೆ ನಾನೇ ಬಿಸಿ ಚಪಾತಿ ಬಡಿಸಿದೆ, ಬೇಕಂತಲೇ. ನೀಲಾ ಕೋಣೆಯಿಂದಲೇ ಕೂಗಿದಳು: "ಅತ್ತೆ, ನೀವು ಮಾಡ್ದಂಗೇ ಇದೆ ಅಲ್ವಾ?"

ನಾನು ಇಷ್ಟು ದಿನ ಹೆಗಲು ಮುರಿದುಕೊಂಡು ಬೀಸಿದ್ದಕ್ಕೆ ಮಗಳು ಕೊಟ್ಟ ಸರ್ಟಿಫಿಕೇಟು ಅದು.

ಸರ್ವಮಂಗಳ ನನ್ನ ಕಡೆ ನೋಡಲಿಲ್ಲ. ಒಂದು ತುತ್ತು ನುಂಗಿ, ಅದೇ ಮೆತ್ತನೆ ದನಿಯಲ್ಲಿ ಅಂದಳು: "ಇಲ್ಲ ಕಣೇ, ನಂದು ಇಷ್ಟು ಮೆತ್ತಗೆ ಬರಲ್ಲ. ಇದು ನಿಮ್ಮಮ್ಮನ ಕೈ ರುಚಿ."

ಯಾವ ಮಾತನ್ನು ಮಗಳ ಬಾಯಲ್ಲಿ ಕೇಳಬೇಕು ಅಂತ ಕಾಯ್ದಿದ್ದೆನೋ ಅದನ್ನೂ ಅವಳೇ ಹೇಳಿದಳು. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡದೆ ಹೇಗಿರುವುದು ಹೇಳಿ. ಈಗಲೂ ಪಡುತ್ತೇನೆ.

ಊಟ ಮುಗಿಸಿ, ಮಗುವಿನ ಕೆನ್ನೆ ಮುಟ್ಟಿ, ಚೀಲ ಹೆಗಲಿಗೆ ಹಾಕಿಕೊಂಡು ಅವಳು ಕುಣಿಗಲ್ ಬಸ್ಸಿಗೆ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಎಲ್ಲಿಗೆ ಹೊರಟೆ? ಹಿಟ್ಟು ಮುಗಿದಿದೆ. ನಾಳೆ ಬೀಸ್ಬೇಕು, ನನ್ನೊಬ್ಬಳ ಕೈಲಾಗಲ್ಲ. ಬಾಣಂತನ ಮುಗಿಯೋಗಂಟ ಇರು."

ಅವಳು ಚೀಲ ಕೆಳಗಿಟ್ಟು, ಕೋಣೆಯೊಳಗೆ ಹೋಗಿ ಮಗುವನ್ನು ಎತ್ತಿಕೊಂಡಳು. ನಾನು ಅಡುಗೆಮನೆಗೆ ಹೋಗಿ, ಹಿಂದಿನ ದಿನವಷ್ಟೇ ಬೀಸಿ ತುಂಬಿಸಿದ್ದ ಹಿಟ್ಟಿನ ಡಬ್ಬಿಯನ್ನು ಅವಳ ಕಣ್ಣಿಗೆ ಬೀಳದ ಹಾಗೆ ಅಟ್ಟದ ಮೇಲಿಟ್ಟೆ.