ಎರ್ಮಿನಿಯಾ ಚಿಕ್ಕಮ್ಮನ ಮೋಕಾ

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳ ತಂಗಿ ಎರ್ಮಿನಿಯಾ. ಮದುವೆಯಾಗಲಿಲ್ಲ. ನಮ್ಮ ಟ್ರೆವೀಸೋ ಪಟ್ಟಣದ ಲಾಂಡ್ರಿಯೊಂದರಲ್ಲಿ ಮೂವತ್ತೊಂದು ವರ್ಷ ಇಸ್ತ್ರಿ ಹಾಕಿದಳು. ಆದರೆ ನಮ್ಮ ಬೀದಿಯಲ್ಲಿ ಯಾರೂ ಅವಳನ್ನು ಇಸ್ತ್ರಿಯವಳು ಎನ್ನಲಿಲ್ಲ. ಯಾರ ಮನೆ ಮದುವೆಯೇ ಇರಲಿ, ಊಟದ ಕೊನೆಯ ಸಿಹಿಗೆ "ತಿರಮಿಸು ಎರ್ಮಿನಿಯಾನೇ ಮಾಡ್ತಾಳೆ ತಾನೇ?" ಎಂದು ಕೇಳಿಕೊಂಡೇ ದಿನ ಗೊತ್ತು ಮಾಡುತ್ತಿದ್ದರು. ಅವಳಿಗಿದ್ದ ಆಸ್ತಿ ಆ ಹೆಸರೊಂದೇ. ಅದನ್ನು ಹಾಳು ಮಾಡಿದವಳು ನಾನು.

ಅವಳು ಒಲೆಯ ಮೇಲೆ ಕಾಫಿ ಇಳಿಸುವ ಮೋಕಾ ಪಾತ್ರೆ ಒಳಗೆಲ್ಲ ಕರ್ರಗಿತ್ತು. ನಮ್ಮ ಕಡೆ ಮೋಕಾಕ್ಕೆ ಸೋಪು ಮುಟ್ಟಿಸುವುದಿಲ್ಲ, ಬರೀ ನೀರು. ಮದುವೆಯ ಮಾತಿಗೆಂದು ನನ್ನ ಭಾವೀ ಅತ್ತೆ ಗಿಲ್ದಾ ಭಾನುವಾರ ಊಟಕ್ಕೆ ಬರುವವರಿದ್ದರು. ಆಕೆಯ ಮನೆಯ ಚಮಚದಲ್ಲೂ ಮುಖ ಕಾಣಿಸುತ್ತದೆ. ಈ ಕರೆ ಹಿಡಿದ ಪಾತ್ರೆ ಕಂಡರೆ ಏನಂದುಕೊಂಡಾರು ಎಂದು ನಾಚಿಕೆಯಾಗಿ, ಶುಕ್ರವಾರ ಚಿಕ್ಕಮ್ಮ ಪೇಟೆಗೆ ಹೋದಾಗ ಸೋಪು ಹಾಕಿ ಗಸಗಸ ತಿಕ್ಕಿ ಫಳಫಳ ಹೊಳೆಯಿಸಿಟ್ಟೆ. ಸರಿಯಾಗಿ ಜಾಲಿಸುವಷ್ಟು ವ್ಯವಧಾನ ನನಗೆಲ್ಲಿ!

ಶನಿವಾರ ಅವಳು ಅದರಲ್ಲೇ ಕಾಫಿ ಇಳಿಸಿ, ಆರಿಸಿ, ಉದ್ದ ಬಿಸ್ಕತ್ತುಗಳನ್ನು ಅದ್ದಿ ಅದ್ದಿ ಜೋಡಿಸಿದಳು. ಮೇಲೆ ಮೊಟ್ಟೆಯ ಹಳದಿ, ಸಕ್ಕರೆ, ಬೆಣ್ಣೆಯಂಥ ಮಸ್ಕಾರ್ಪೋನೆ ಚೀಸು ಕಡೆದ ಕೆನೆ, ಮತ್ತೊಂದು ಪದರ ಬಿಸ್ಕತ್ತು, ಮತ್ತೆ ಕೆನೆ, ಕೊನೆಗೆ ಕೋಕೋ ಪುಡಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿತ್ತು.

ಭಾನುವಾರ ಗಿಲ್ದಾ ಒಂದು ಚಮಚ ಬಾಯಿಗಿಟ್ಟವರೇ ತಟ್ಟೆ ದೂರ ಸರಿಸಿದರು.

"ಏನ್ರೀ ಎರ್ಮಿನಿಯಾ, ತಿರಮಿಸುಗೆ ಬಟ್ಟೆ ಸೋಪು ಹಾಕೋದು ಲಾಂಡ್ರಿಯವರ ಪದ್ಧತಿನಾ?"

ನಾನೂ ತಿಂದೆ. ಕಾಫಿಯ ಹಿಂದೆಯೇ ಸೋಪು! "ತೊಳೆದವಳು ನಾನು" ಎನ್ನಬೇಕಿತ್ತು. ಬಾಯಿಂದ ಹೊರಟದ್ದೇ ಬೇರೆ.

"ಚಿಕ್ಕಮ್ಮಂಗೆ ವಯಸ್ಸಾಯ್ತಲ್ಲಾ, ಈಚೆಗೆ ಅರಳುಮರಳು."

ಥೂ, ನನ್ನ ನಾಲಿಗೆ ಸೀದು ಹೋಗಬಾರದಿತ್ತೇ!

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಹೌದು ಕಣ್ರೀ, ಬುದ್ಧಿ ಕೆಟ್ಟು ನಾನೇ ಸೋಪು ಹಾಕ್ಬಿಟ್ಟೆ. ಕ್ಷಮಿಸಿ" ಎಂದು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನನ್ನ ಮದುವೆಯಾಯಿತು. ಸೋಪಿನ ಸುದ್ದಿ ಬೀದಿಯೆಲ್ಲ ಸುತ್ತಿತು. ಎದುರು ಮನೆಯವರು ಮಗಳ ಮದುವೆಗೆ ತಿರಮಿಸುವನ್ನು ಬೇಕರಿಯಿಂದ ತರಿಸಿದರು. ಆಮೇಲೆ ಅವಳನ್ನು ಯಾರೂ ಕೇಳಲೇ ಇಲ್ಲ.

ಈಸ್ಟರ್ ಹಿಂದಿನ ದಿನ ತಡೆಯಲಾರದೆ ಅವಳ ಅಡುಗೆಮನೆಗೆ ಹೋದೆ. "ಚಿಕ್ಕಮ್ಮಾ, ಮೋಕಾ ತೊಳ್ದಿದ್ದು ನಾನು" ಎಂದು ಅಳತೊಡಗಿದೆ.

"ಗೊತ್ತು ಕಣೇ. ಅಷ್ಟು ಹೊಳೀತಿದ್ರೆ ಕುರುಡೀಗೂ ಗೊತ್ತಾಗುತ್ತೆ. ಮೂರು ಸಲ ನೀರು ಕುದಿಸಿ ಚೆಲ್ದೆ. ಸೋಪು ಹೋಗಿದ್ಯೋ ಇಲ್ವೋ ನನಗೇನು ತಿಳಿಯುತ್ತೆ? ಅದಕ್ಕೆ ಮುಂಚೆ ಚಳಿಗಾಲದಲ್ಲಿ ಜ್ವರ ಬಂತಲ್ಲ, ಆಗ್ಲೇ ಮೂಗೂ ಹೋಯ್ತು, ನಾಲಿಗೇನೂ ಹೋಯ್ತು; ವಾಸನೆ, ರುಚಿ ಯಾವ್ದೂ ಗೊತ್ತಾಗಲ್ಲ. ಯಾರಿಗೂ ಹೇಳಿರ್ಲಿಲ್ಲ."

"ಹಾಗಾದ್ರೆ ಅವತ್ತು ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

"ನೀನೇ ಬಾಯಿ ಬಿಡ್ತೀಯ ಅಂತ ಕಾದೆ ಕಣೇ ನಿವೆಸ್. ಬಿಡ್ಲಿಲ್ಲ. ಇನ್ನೇನು ಮಾಡ್ಲಿ?"

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವಳು ಮಾತ್ರ ಒಂದು ಮೊಟ್ಟೆ ಬಟ್ಟಲಿಗೆ ಒಡೆದು ನನ್ನ ಮೂಗಿನ ಹತ್ತಿರ ಹಿಡಿದಳು.

"ಅಳು ಸಾಕು. ಮೂಸಿ ನೋಡಿ ಹೇಳು, ಚೆನ್ನಾಗಿದೆಯಾ? ಈ ಸಲ ನಿಜ ಹೇಳು."

ಮೂಸಿ ನೋಡಿದೆ. ಚೆನ್ನಾಗಿದೆ ಎಂದೆ. ಅವಳು ಮರುಮಾತಿಲ್ಲದೆ ನಂಬಿ ತಿರಮಿಸುಗೆಂದು ಸಕ್ಕರೆ ಸುರಿದಳು.

ಆ ತಿರಮಿಸುವನ್ನು ಮರುದಿನ ಅತ್ತೆಯ ಮನೆಗೆ ಒಯ್ದೆ. ಗಿಲ್ದಾ ಎರಡು ಸಲ ಹಾಕಿಸಿಕೊಂಡು, "ಚಿಕ್ಕಮ್ಮನ ಹಾಗಲ್ಲ, ನಿನ್ನ ಕೈ ಚೆನ್ನಾಗಿದೆ ನಿವೆಸ್" ಎಂದರು. ನಾನು ತಲೆ ತಗ್ಗಿಸಿ ಅವರ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.