ಎಲ್ಲರಿಗಿಂತ ತಡವಾಗಿ ನಕ್ಕವರು

“ಅಮ್ಮಾ, ಎಲ್ರೂ ನಕ್ಕಾದ್ಮೇಲೆ ಒಬ್ರೇ ಜೋರಾಗಿ ನಗ್ತಾರಲ್ಲ, ಅದ್ಯಾರು?”

ಎಂಟು ವರ್ಷದ ಮಗಳು ಟೇಪ್ ರೆಕಾರ್ಡರ್‌ಗೆ ಕಿವಿ ಹಚ್ಚಿ ಕೇಳಿದಾಗ, ಚಪಾತಿ ಲಟ್ಟಿಸುತ್ತಿದ್ದ ನನ್ನ ಕೈ ನಿಂತಿತು. ಶೆಟ್ಟಿಹಳ್ಳಿಯ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದ ಹಳೆಯ ಕ್ಯಾಸೆಟ್ ಅದು. ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದಾಗ ನಾವೆಲ್ಲ ವಾರಕ್ಕೊಮ್ಮೆ ಹಾಸ್ಯ ಧಾರಾವಾಹಿಗೆ ಕಾದು ಕೂರುತ್ತಿದ್ದೆವು. ಅಣ್ಣ ಟೀವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅದನ್ನು ರೆಕಾರ್ಡ್ ಮಾಡುತ್ತಿದ್ದ. ಯಾರೂ ನಗಬಾರದೆಂದು ಅವನು ಎಷ್ಟೇ ಗದರಿದರೂ, ನೋಡಲು ಬಂದ ಅಕ್ಕಪಕ್ಕದವರ ನಗುವೆಲ್ಲ ಕ್ಯಾಸೆಟ್ಟಿಗೆ ಸೇರಿಬಿಡುತ್ತಿತ್ತು.

ಯಂತ್ರಗಳ ಸದ್ದಿನಲ್ಲೇ ದುಡಿದ ಅಪ್ಪನಿಗೆ ಕಿವಿ ಮಂದ. ಎಲ್ಲರೂ ನಕ್ಕ ಮೇಲೆ ಅವ್ವ ಅವರ ಕಿವಿಯ ಬಳಿ ಬಾಗಿ, “ಅಂವ ಏನಂದ ಗೊತ್ತಾತೇನ್ರಿ?” ಎಂದು ಆ ಮಾತನ್ನು ಮತ್ತೆ ಹೇಳುತ್ತಿದ್ದಳು. ಆಗ ಅಪ್ಪ ಒಬ್ಬರೇ ಗಹಗಹಿಸುತ್ತಿದ್ದರು. ಎಲ್ಲರೂ ತಿರುಗಿ ನೋಡುತ್ತಿದ್ದರು. ನಾನು ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ.

“ಅವ್ರು ನಿಮ್ಮಜ್ಜ ಕಣೇ” ಎಂದೆ. ಅವಳು ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದರು.

ಮಗಳು ರಿವೈಂಡ್ ಮಾಡಿ ಮತ್ತೆ ಹಾಕಿದಳು. ಕ್ಯಾಸೆಟ್ಟಿನಲ್ಲಿ ಎಲ್ಲರೂ ನಕ್ಕರು. ಅವಳು ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಾದಳು. ಅವ್ವನ ಮಾತು ಮುಗಿದು ಅಪ್ಪ ನಕ್ಕಾಗ, ಅವರ ಜೊತೆಗೇ ಬಿದ್ದು ಬಿದ್ದು ನಕ್ಕಳು.

ನಮ್ಮ ನಗುವನ್ನು ಅಳಿಸದೆ ಉಳಿಸಿದ್ದಕ್ಕೆ ಆ ಸಂಜೆಯೇ ಅಣ್ಣನಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ಅಷ್ಟು ವರ್ಷ ಒಬ್ಬರೇ ನಕ್ಕ ಅಪ್ಪನಿಗೆ ಕೊನೆಗೂ ಜೊತೆ ಸಿಕ್ಕಿತ್ತು.