ದಂತಣ್ಣನ ಹೆಂಡತಿಯ ಹಲ್ಲು ಸೆಟ್ಟು

ಆ ಪರದೇಶದ ಊರಿನಲ್ಲಿ ನೆಲೆಸಿದ್ದ ನಮ್ಮವರೆಲ್ಲ ಅವನನ್ನು ದಂತಣ್ಣ ಎಂದೇ ಕರೆಯುತ್ತಿದ್ದರು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದ ಕೆಲಸ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಅದರ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವವನು. ಊರಿನ ಅರ್ಧ ಮುದುಕರು ಇವನ ಹಲ್ಲಲ್ಲೇ ನಗುತ್ತಿದ್ದರು. ಸ್ವಂತ ಹೆಂಡತಿಯ ಬಾಯಿ ಮಾತ್ರ ಮೂರು ವರ್ಷದಿಂದ ಬೋಳು. ವಸಡು ಕೆಟ್ಟು ಅವಳ ಹಲ್ಲೆಲ್ಲ ಕೀಳಿಸಿದ ದಿನ, "ಒಂದೇ ವಾರ ಕಣೇ, ಮಾಡ್ಕೊಡ್ತೀನಿ" ಎಂದಿದ್ದ. ಆ ವಾರ ಇನ್ನೂ ಮುಗಿದಿರಲಿಲ್ಲ.

ಊರಿಗೆ ಹೋಗೋಣ ಎಂದರೂ ನಾಳೆ, ನಲ್ಲಿ ಸೋರುತ್ತಿದೆ ಎಂದರೂ ನಾಳೆ. ಅವನ ಜಾಯಮಾನವೇ ಅದು. ಕೆಟ್ಟವನಲ್ಲ, ಪಾಪ. ಕಂಡವರ ಹಲ್ಲು ಮೇಜಿನ ಮೇಲೆ ಕಾಯುತ್ತಿರುವಾಗ ಮನೆಯವಳ ಹಲ್ಲು ಹಿಂದೆ ಬೀಳುತ್ತಿತ್ತು, ಅಷ್ಟೇ. ಅವಳೂ ಹಠಮಾರಿ. "ಈ ಬೊಚ್ಚುಬಾಯಿ ಇಟ್ಕೊಂಡು ತವರಿನ ಹೊಸಿಲು ತುಳಿಯಲ್ಲ. ನಿನ್ನ ಗಂಡನ ಕಸುಬೇನಮ್ಮಾ ಅಂತ ಅತ್ತಿಗೆ ಕೇಳಿದ್ರೆ ಏನು ಹೇಳ್ಲಿ?" ಎನ್ನುತ್ತಿದ್ದಳು. ಮಾತಾಡುವುದೂ ಸೆರಗು ಬಾಯಿಗೆ ಅಡ್ಡ ಹಿಡಿದೇ, ಗಂಡನ ಮುಂದೆಯೂ.

ಹೀಗಿರುವಾಗ ಪಕ್ಕದ ದೇಶದವರು ಅಣುಬಾಂಬಿನ ಮಾತೆತ್ತಿದರು. ಮೊದಲು ಟೀವಿಯಲ್ಲಿ ಬಂತು, ಆಮೇಲೆ ಮೆಟ್ಟಿಲ ಬಳಿ ನೋಟೀಸು ಅಂಟಿತು: ಸೈರನ್ ಕೂಗಿದರೆ ಕಿಟಕಿ ಮುಚ್ಚಿ ಒಳಕೋಣೆಯಲ್ಲಿರಿ. ವಿಕಿರಣದಿಂದ ಕಾಪಾಡುವ ಅಯೋಡಿನ್ ಮಾತ್ರೆಯನ್ನು ನಲವತ್ತರ ಒಳಗಿನವರಿಗಷ್ಟೇ ಹಂಚಿದರು. "ನೋಡೇ, ನಮ್ಮಂಥ ಹಳಬರ ಹತ್ರ ಬಾಂಬೂ ಸುಳಿಯಲ್ಲವಂತೆ!" ಎಂದು ದಂತಣ್ಣ ನಕ್ಕ. ಅವಳು ನಗಲಿಲ್ಲ. ಮರುದಿನ ನಮ್ಮ ರಾಯಭಾರ ಕಚೇರಿಯಿಂದ ಫೋನು ಬಂತು. ನಾಲ್ಕನೇ ದಿನ ವಿಮಾನ. ಹೆಂಗಸರು, ಮಕ್ಕಳು ಮೊದಲು. ಗಂಡಸರು ಮುಂದಿನ ವಾರ, ಹೆಸರು ಬರೆಸಿದವರು ಮಾತ್ರ.

"ಹಲ್ಲಿಲ್ಲದೆ ನಾನು ಹತ್ತಲ್ಲ," ಎಂದಳು ಅವಳು. "ನೀವಂತೂ ಮುಂದಿನ ವಾರವೂ ನಾಳೆ ಅಂತೀರ. ಇಬ್ಬರೂ ಇಲ್ಲೇ ಇರೋಣ, ಬಂದದ್ದು ಬರಲಿ."

ದಂತಣ್ಣ ಇದಕ್ಕೆ ಒಪ್ಪಲಿಲ್ಲ. ತಾನು ಹೇಗಾದರೂ ಇರಲಿ, ಅವಳು ಹೋಗಲೇಬೇಕು. ಅಂದೇ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಅಚ್ಚು ತೆಗೆದ. ಮರುದಿನ, ಎರಡು ದವಡೆ ಕೂಡುವ ಅಳತೆಗೆಂದು ಬೆಚ್ಚಗಿನ ಮೇಣ ಬಾಯಿಗಿಟ್ಟು "ಮೆಲ್ಲಗೆ ಕಚ್ಚು" ಎಂದ. ಅದೇ ಗಳಿಗೆಗೆ ಪರೀಕ್ಷೆಯ ಸೈರನ್ ಕೂಗಬೇಕೆ! ಅವಳು ಬೆದರಿ ದವಡೆಯನ್ನು ಮುಂದಕ್ಕೆ ತಳ್ಳಿ ಕಚ್ಚಿದಳು. ಹೀಗಾದರೆ ಇನ್ನೊಮ್ಮೆ ಕಚ್ಚಿಸಬೇಕು. ಡಾಕ್ಟರುಗಳ ಇಂಥ ತಪ್ಪಿಗೆ ಲ್ಯಾಬಿನಲ್ಲಿ ಹಾರಾಡುತ್ತಿದ್ದವನು ಇವನೇ. ಆದರೆ ಅಂದು ಅವನಿಗೆ ಅಷ್ಟು ಪುರಸೊತ್ತಿರಲಿಲ್ಲ. ಮೇಣವನ್ನು ಹಾಗೇ ಎತ್ತಿಕೊಂಡು ಲ್ಯಾಬಿಗೆ ಓಡಿದ.

ಸೆಟ್ಟು ಸಿದ್ಧವಾದದ್ದು ಹೊರಡುವ ಬೆಳಗ್ಗೆ. ವಿಮಾನ ನಿಲ್ದಾಣದ ಸಾಲಿನಲ್ಲಿ ಹಾಕಿ ನೋಡಿದರೆ, ಹಿಂದಿನ ಹಲ್ಲುಗಳಷ್ಟೇ ತಾಗುತ್ತಿವೆ, ಮುಂದೆ ಬೆರಳು ತೂರುವಷ್ಟು ಸಂದು. ದಂತಣ್ಣ ಜೇಬಿನಿಂದ ಪುಟ್ಟ ಅರ ತೆಗೆದು, ಸೂಟ್‌ಕೇಸಿನ ಮೇಲೆ ಕೂತು ಉಜ್ಜಿದ. ಹಾಕಿಸಿದ, ತೆಗೆಸಿದ, ಮತ್ತೆ ಉಜ್ಜಿದ. "ಹೊಸ ಸೆಟ್ಟು ಅಂದ್ರೆ ಹೀಗೇ ಕಣೇ. ನಾಲ್ಕು ದಿನ ಹಾಕ್ಕೊಂಡಿರು, ಆಮೇಲೆ ನೋಡಿ ಸರಿ ಮಾಡ್ತೀನಿ" ಎಂದವನು ಅರವನ್ನು ಜೇಬಿಗೆ ಹಾಕಿಕೊಂಡ. ನಾಲ್ಕು ದಿನದ ಹೊತ್ತಿಗೆ ಅವಳೆಲ್ಲಿ, ಇವನೆಲ್ಲಿ.

ಅಷ್ಟರಲ್ಲಿ ಅವಳ ಸರದಿ ಬಂತು. ಅವಳು ಎರಡೂ ದವಡೆಯ ಹಲ್ಲು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಅವನ ಅಂಗೈಗಿಟ್ಟಳು.

"ಒತ್ತಿದ್ರೂ ಹಾಕ್ಕೊಂಡು ಹೋಗೇ. ಅತ್ತಿಗೆ ಬಂದಿರ್ತಾಳೆ," ಎಂದ ದಂತಣ್ಣ.

"ಬಂದಿರ್ಲಿ, ಬೊಚ್ಚುಬಾಯನ್ನೇ ನೋಡ್ಲಿ. ನೀವು ಸರಿ ಮಾಡಿ ತಗೊಂಡು ಬನ್ನಿ."

"ಪೋಸ್ಟಲ್ಲಿ ಕಳಿಸ್ತೀನಲ್ಲ..."

"ಪೋಸ್ಟಲ್ಲಿ ಬಂದ್ರೆ ಕಟ್ಟು ಬಿಚ್ಚಲ್ಲ. ನೀವೇ ಬಂದು ಹಾಕ್ಬೇಕು. ಅಲ್ಲಿವರೆಗೂ ನೆಂಟರ ಮುಂದೆ ಹೀಗೇ ಇರ್ತೀನಿ."

ಗಾಜಿನ ಬಾಗಿಲ ಬಳಿ ಅವಳು ತಿರುಗಿ ನೋಡಿದಳು. ಸೆರಗು ಹಿಡಿಯದೆ, ಸಾಲಿನವರೆಲ್ಲ ನೋಡುತ್ತಿರುವಂತೆ, ವಸಡು ಕಾಣುವ ಹಾಗೆ ನಕ್ಕು ಒಳಗೆ ಹೋದಳು. ದಂತಣ್ಣನಿಗೆ ಅಳು ತಡೆಯಲಾಗಲಿಲ್ಲ.

ಅಲ್ಲಿಂದ ಅವನು ನೇರ ರಾಯಭಾರ ಕಚೇರಿಗೆ ಹೋದ. ಜೇಬಿನಲ್ಲಿ ಹಲ್ಲುಗಳು ಇನ್ನೂ ಬೆಚ್ಚಗಿದ್ದವು. ಹೆಸರು ಬರೆದುಕೊಳ್ಳುವ ಗುಮಾಸ್ತ ಕಿಟಕಿ ಮುಚ್ಚುತ್ತ "ನಾಳೆ ಬನ್ನಿ" ಎಂದ.

"ನಾಳೆ ಆಗಲ್ಲ ಸ್ವಾಮಿ, ಇವತ್ತೇ ಬರ್ಕೊಳ್ಳಿ," ಎಂದ ದಂತಣ್ಣ, ಕಿಟಕಿಯ ಸಂದಿಗೆ ಕೈ ಅಡ್ಡ ಇಟ್ಟು.